ಹಳೆಯ ಸೈನಿಕ ರೈಫಲ್‌ನ ಟ್ರಿಗರ್: ಶುಚಿ ಮಾಡುವುದೋ, ಉಜ್ಜಿಸುವುದೋ, ಬದಲಿಸುವುದೋ?

ಹಳೆಯ ಸೈನಿಕ ರೈಫಲ್ ಕೊಂಡವರ ಬಾಯಲ್ಲಿ ಮೊದಲು ಬರುವ ದೂರು 'ಟ್ರಿಗರ್ ಬಲು ಭಾರ' ಎಂಬುದು. ಅದರ ಬೆನ್ನಿಗೇ ಬರುವ ಪ್ರಶ್ನೆ 'ಯಾವ ಹೊಸ ಟ್ರಿಗರ್ ಹಾಕಿಸಲಿ?' ಈ ಎರಡರ ನಡುವೆ ಕೇಳಿಕೊಳ್ಳಬೇಕಾದ್ದು ಬಹಳಷ್ಟಿದೆ. ಅದನ್ನು ಕೇಳಿಕೊಳ್ಳದೆ ಹೋದದ್ದರಿಂದಲೇ ಎಷ್ಟೋ ಒಳ್ಳೆಯ ಮೌಸರ್ ರೈಫಲ್‌ಗಳು ಮರ ಕೆತ್ತಿಸಿಕೊಂಡು ಬೆಲೆ ಕಳೆದುಕೊಂಡಿವೆ, ಎಷ್ಟೋ ಸಿಯರ್‌ಗಳು (ಟ್ರಿಗರ್ ಎಳೆಯುವವರೆಗೆ ಫೈರಿಂಗ್ ಪಿನ್ನನ್ನು, ಅಂದರೆ ತೋಟೆಗೆ ಬಡಿಯುವ ಮೊಳೆಯನ್ನು, ತಡೆಹಿಡಿಯುವ ಕೊಂಡಿಗಳು) ಅರ ತಿಂದು ಅಪಾಯಕಾರಿಯಾಗಿವೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಭಾರ ಅಪರೂಪಕ್ಕೆ ಮಾತ್ರ ನಿಜವಾದ ಕಾಯಿಲೆ. ಎರಡೂವರೆ ಕಿಲೋ ಎಳೆತವಿದ್ದರೂ ನುಣುಪಾಗಿ, ಪ್ರತಿಸಲವೂ ಒಂದೇ ಜಾಗದಲ್ಲಿ ಬಿಡುವ ಟ್ರಿಗರ್‌ನಿಂದ ಚೆನ್ನಾಗಿ ಹೊಡೆಯಬಹುದು. ಒಂದೂವರೆ ಕಿಲೋ ಇದ್ದು ಗರಗರ ಎನ್ನುತ್ತ ಎಳೆದುಕೊಂಡು ಹೋಗಿ, ಯಾವಾಗ ಬಿಡುತ್ತದೋ ಗೊತ್ತಾಗದ ಟ್ರಿಗರ್‌ನಿಂದ ಆಗುವುದಿಲ್ಲ. ಹಾಗಾಗಿ ಕೆಳಗಿನ ಆಯ್ಕೆಗಳನ್ನು ಎಷ್ಟು ಹಗುರ ಮಾಡುತ್ತವೆ ಎನ್ನುವುದಕ್ಕಿಂತ ಎಷ್ಟು ನಂಬಿಕಸ್ಥ ಮಾಡುತ್ತವೆ, ಅದಕ್ಕೆ ಪ್ರತಿಯಾಗಿ ಏನು ಕಿತ್ತುಕೊಳ್ಳುತ್ತವೆ ಎಂಬುದರಿಂದ ಅಳೆದಿದ್ದೇನೆ.

ಇಲ್ಲಿ ಹೇಳುವುದೆಲ್ಲ ಬೋಲ್ಟ್ ಆ್ಯಕ್ಷನ್ ರೈಫಲ್‌ಗಳಿಗೆ, ಅಂದರೆ ಪ್ರತಿ ಗುಂಡಿಗೂ ಬೋಲ್ಟ್ ಎಂಬ ಹಿಡಿಯುಳ್ಳ ಕೊಳವೆಯನ್ನು ಕೈಯಿಂದ ಹಿಂದೆ ಮುಂದೆ ಆಡಿಸುವಂಥವಕ್ಕೆ. ಎಂ1 ಗ್ಯಾರಂಡ್‌ನಂಥ ಸೆಮಿ ಆಟೊಮ್ಯಾಟಿಕ್‌ಗಳ ದಾರಿಯೇ ಬೇರೆ. ಅವುಗಳಲ್ಲಿ ಹ್ಯಾಮರ್ (ಪಿನ್ನಿಗೆ ಬಡಿಯುವ ಸುತ್ತಿಗೆ) ಮತ್ತು ಸಿಯರ್ ನಡುವಿನ ಹಿಡಿತ ಸ್ವಲ್ಪ ಕಮ್ಮಿಯಾದರೂ ಒಂದು ಎಳೆತಕ್ಕೆ ಎರಡು ಗುಂಡು ಹಾರುವ ಸಾಧ್ಯತೆ ಇದೆ. ಅದು ಪಳಗಿದ ಆರ್ಮರರ್ ಕೈಯ ಕೆಲಸ, ಮನೆಯ ಮೇಜಿನ ಮೇಲಿನದಲ್ಲ. ಇನ್ನು ಬಂದೂಕಿನ ಕೆಲಸವನ್ನು ಯಾರು ಮಾಡಬಹುದು, ಯಾವ ಭಾಗ ಬದಲಿಸಬಹುದು ಎಂಬ ಕಾನೂನು ದೇಶದಿಂದ ದೇಶಕ್ಕೆ ಬೇರೆ. ಸ್ಕ್ರೂಡ್ರೈವರ್ ಎತ್ತಿಕೊಳ್ಳುವ ಮೊದಲು ನಿಮ್ಮಲ್ಲಿ ಅದು ಏನು ಹೇಳುತ್ತದೆ ಎಂದು ನೋಡಿಕೊಳ್ಳಿ.

ಸೈನ್ಯ ಬೇಕೆಂದೇ ಹಾಗೆ ಮಾಡಿಸಿತ್ತು

ಪಾಲ್ ಮೌಸರ್‌ನ 1898ರ ವಿನ್ಯಾಸ, ಬ್ರಿಟಿಷರ ಲೀ-ಎನ್‌ಫೀಲ್ಡ್, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂ1903, ಎಲ್ಲದರಲ್ಲೂ ಟ್ರಿಗರ್ ಎರಡು ಹಂತದ್ದು. ಮೊದಲ ಹಂತದಲ್ಲಿ ಬೆರಳು ಸರಾಗವಾಗಿ ಹಿಂದೆ ಹೋಗುತ್ತದೆ. ಆಮೇಲೊಂದು ಗೋಡೆ ಸಿಗುತ್ತದೆ. ಆ ಗೋಡೆಯನ್ನು ಒತ್ತಿದರೆ ಗುಂಡು.

ಈ ಎರಡು ಹಂತ ಹುಟ್ಟುವುದು ಬಹಳ ಸರಳ ಉಪಾಯದಿಂದ. ಮೌಸರ್‌ನ ಟ್ರಿಗರ್ ತಲೆಯ ಮೇಲೆ ಎರಡು ಉಬ್ಬುಗಳಿವೆ. ಬೆರಳು ಎಳೆದಾಗ ಮೊದಲ ಉಬ್ಬು ರಿಸೀವರ್‌ನ (ಬೋಲ್ಟ್ ಓಡಾಡುವ ಲೋಹದ ಮೈ) ತಳಕ್ಕೆ ಊರಿ ಸನ್ನೆಗೋಲಿನಂತೆ ಸಿಯರ್ ಅನ್ನು ಕೆಳಕ್ಕೆ ಇಳಿಸುತ್ತದೆ. ಫೈರಿಂಗ್ ಪಿನ್ನಿನ ಹಿಂತುದಿಯಲ್ಲಿರುವ ಕಾಕಿಂಗ್ ಪೀಸ್‌ನ ಮೇಲೆ ಸಿಯರ್‌ಗಿರುವ ಆಳವಾದ ಹಿಡಿತದ ಬಹುಪಾಲು ಇಲ್ಲೇ ಕರಗುತ್ತದೆ. ಎರಡನೆಯ ಉಬ್ಬು ತಾಗಿದಾಗ ಸನ್ನೆಯ ಅನುಪಾತ ಬದಲಾಗುತ್ತದೆ, ಅದೇ ನಿಮಗೆ ಸಿಗುವ ಗೋಡೆ. ಉಳಿದ ಚೂರು ಹಿಡಿತ ಅಲ್ಲಿಂದ ಮುಂದೆ ಬಿಡಬೇಕು.

ಅಂದರೆ ಬೆರಳು ಮುಟ್ಟದೆ ಇರುವಾಗ ಸಿಯರ್ ಆಳವಾಗಿ ಕಚ್ಚಿಕೊಂಡಿರುತ್ತದೆ. ರೈಫಲ್ ಕಂದಕದೊಳಗೆ ಬಿದ್ದರೂ, ಕುದುರೆಯ ಮೇಲೆ ಕುಲುಕಿದರೂ ಹಾರಬಾರದು. ಹೊಡೆಯುವ ಗಳಿಗೆಯಲ್ಲಿ ಮಾತ್ರ ಸಿಪಾಯಿಯೇ ಆ ಆಳವನ್ನು ತೆಗೆದು, ತೆಳುವಾದ ಹಿಡಿತದಿಂದ ಗುಂಡು ಬಿಡುತ್ತಾನೆ. ಬಹಳ ಜಾಣ ಯೋಜನೆ ಇದು. ಇದನ್ನು ಕೊರತೆ ಎಂದು ತಿಳಿದು 'ಸರಿಪಡಿಸಲು' ಹೊರಡುವವರು ಸುರಕ್ಷತೆಯ ಅರ್ಧವನ್ನು ಕಿತ್ತು ಬಿಸಾಡಿರುತ್ತಾರೆ.

ತೂಕಗಳೂ ಹಾಗೆಯೇ ಲೆಕ್ಕ ಹಾಕಿ ಇಟ್ಟವು. ಲೀ-ಎನ್‌ಫೀಲ್ಡ್‌ನ ನಂ.4 ಎಂಬ ಮಾದರಿಗೆ ಬ್ರಿಟಿಷ್ ಸೈನ್ಯ ಹೇಳಿದ್ದು ಮೊದಲ ಹಂತಕ್ಕೆ 3ರಿಂದ 4 ಪೌಂಡ್, ಎರಡನೆಯದಕ್ಕೆ 5ರಿಂದ 6.5 ಪೌಂಡ್. ಒಂದು ಪೌಂಡ್ ಸುಮಾರು 450 ಗ್ರಾಂ. ಹಾಗಾಗಿ ಎರಡನೆಯ ಹಂತ ಎರಡೂಕಾಲು ಕಿಲೋದಿಂದ ಮೂರು ಕಿಲೋದ ಹತ್ತಿರ. ನಿಮ್ಮ ನಂ.4 ಎರಡೂವರೆ ಕಿಲೋ ತೋರಿಸಿದರೆ ಅದು ಕೆಟ್ಟಿಲ್ಲ, ಸರಿಯಾಗಿಯೇ ಇದೆ.

ಮೊದಲು ಕಾಯಿಲೆ ಯಾವುದೆಂದು ಗುರುತಿಸಿ

ಎಳೆತದ ತೂಕ ಅಳೆಯುವ ಒಂದು ಟ್ರಿಗರ್ ಗೇಜ್ ತನ್ನಿ. ಸ್ಪ್ರಿಂಗಿನದಾದರೂ ಆದೀತು, ಡಿಜಿಟಲ್ ಆದರೂ ಆದೀತು. ರೈಫಲ್ ಖಾಲಿ ಇದೆಯೆಂದು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ಖಾತ್ರಿ ಮಾಡಿಕೊಳ್ಳಿ. ತೋಟೆಗಳು ಆ ಕೋಣೆಯಲ್ಲೇ ಇರಬಾರದು. ಹತ್ತು ಸಲ ಎಳೆದು ಹತ್ತೂ ಅಂಕಿ ಬರೆದಿಡಿ. ಸರಾಸರಿಗಿಂತ ಅಂಕಿಗಳ ನಡುವಿನ ಅಂತರ ಮುಖ್ಯ. ಹತ್ತೂ ಒಂದರ ಪಕ್ಕ ಒಂದು ಬಂದರೆ ನಿಮ್ಮದು ಆರೋಗ್ಯವಂತ, ಬರೀ ಭಾರದ ಟ್ರಿಗರ್. ಅಂಕಿಗಳು ಮೇಲೆ ಕೆಳಗೆ ಹಾರಾಡಿದರೆ ಒಳಗೆ ಕೊಳೆ, ತುಕ್ಕು, ಸವೆತ ಅಥವಾ ಸಡಿಲ ಸ್ಕ್ರೂ ಇದೆ.

ಆಮೇಲೆ ರೈಫಲ್ಲನ್ನು ಬೆಳಕಿನಲ್ಲಿ ಅಡ್ಡ ಹಿಡಿದು ಬೋಲ್ಟ್‌ನ ಹಿಂಬದಿಯ ಕಾಕಿಂಗ್ ಪೀಸ್ ಮೇಲೆ ಕಣ್ಣಿಟ್ಟು, ಆದಷ್ಟೂ ನಿಧಾನವಾಗಿ ಟ್ರಿಗರ್ ಎಳೆಯಿರಿ. ಎರಡನೆಯ ಹಂತದಲ್ಲಿ ಕಾಕಿಂಗ್ ಪೀಸ್ ಕೂದಲೆಳೆಯಷ್ಟು ಹಿಂದಕ್ಕೆ ಸರಿದು ಆಮೇಲೆ ಬಿಡುತ್ತಿದೆಯೇ? ಹಾಗಿದ್ದರೆ ಹಿಡಿತದ ಕೋನ ಸುರಕ್ಷಿತವಾಗಿದೆ. ಬೆರಳು ಅರ್ಧಕ್ಕೆ ಬಿಟ್ಟರೆ ಮುಖ್ಯ ಸ್ಪ್ರಿಂಗ್ (ಫೈರಿಂಗ್ ಪಿನ್ನನ್ನು ಮುಂದಕ್ಕೆ ದೂಡುವುದು) ತಾನೇ ಸಿಯರ್ ಅನ್ನು ಮತ್ತೆ ಒಳಕ್ಕೆ ಎಳೆದುಕೊಳ್ಳುತ್ತದೆ. ಅದೇ ಕಾಕಿಂಗ್ ಪೀಸ್ ಎಳೆಯುತ್ತಿರುವಾಗ ಮುಂದಕ್ಕೆ ಜಾರಿದಂತೆ ಕಂಡರೆ ಕೋನ ತಿರುಗಿದೆ. ಯಾರೋ ಹಿಂದಿನ ಮಾಲೀಕ ಅರ ಆಡಿಸಿದ್ದಾನೆ. ಇಂಥ ರೈಫಲ್ ಎಳೆತದಲ್ಲಿ ಅದ್ಭುತವಾಗಿರುತ್ತದೆ, ಅದೇ ಅದರ ಮೋಸ. ಅದಕ್ಕೆ ಬೇಕಾದದ್ದು ಹೊಸ ಸಿಯರ್ ಅಥವಾ ಹೊಸ ಕಾಕಿಂಗ್ ಪೀಸ್, ಅದಕ್ಕೆ ಮೊದಲು ತೋಟೆ ತುಂಬಬೇಡಿ.

ಆಯ್ಕೆ ಒಂದು: ಮುಟ್ಟದೆ ಬಿಡುವುದು

ಇದನ್ನು ನಗಬೇಡಿ, ನಿಜವಾದ ಆಯ್ಕೆ. ಇಂದಿನ ಸ್ಪೋರ್ಟಿಂಗ್ ರೈಫಲ್‌ಗಳ ಒಂದೇ ಹಂತದ ಟ್ರಿಗರ್‌ಗೆ ಪಳಗಿದ ಬೆರಳು ಮೌಸರ್‌ನ ಮೊದಲ ಹಂತವನ್ನೂ ಎರಡನೆಯದನ್ನೂ ಒಂದೇ ಉಸಿರಿಗೆ ಎಳೆಯಲು ಹೋಗುತ್ತದೆ. ಆಗ ಗೋಡೆಗೆ ಡಿಕ್ಕಿ ಹೊಡೆದು ನಳಿಗೆ ಅಲುಗುತ್ತದೆ, ದೂರು ಟ್ರಿಗರ್ ಮೇಲೆ ಬೀಳುತ್ತದೆ. ಗುರಿ ಹಿಡಿಯುತ್ತಿರುವಾಗಲೇ ಮೊದಲ ಹಂತ ಮುಗಿಸಿ, ಗೋಡೆಯ ಮೇಲೆ ಬೆರಳನ್ನು ಇಟ್ಟುಕೊಂಡು, ಉಸಿರು ಹಿಡಿದು ಉಳಿದದ್ದನ್ನು ಒತ್ತುವುದು ರೂಢಿಯಾದ ಮೇಲೆ ಅರ್ಧಕ್ಕರ್ಧ ಜನ ಬದಲಾವಣೆಯ ಮಾತೇ ಎತ್ತುವುದಿಲ್ಲ. ಬೆರಳಿನ ತುದಿಯ ಮೆತ್ತೆಯ ಭಾಗ ಟ್ರಿಗರ್‌ನ ಕೆಳತುದಿಯ ಹತ್ತಿರ ಕೂತರೆ ಸನ್ನೆಯ ಲಾಭ ಹೆಚ್ಚಿ, ಒಂದು ಪೈಸೆ ಖರ್ಚಿಲ್ಲದೆ ಎಳೆತ ಹಗುರವಾದಂತೆ ಅನ್ನಿಸುತ್ತದೆ.

ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ಅಭ್ಯಾಸದ ತೋಟೆ) ಹಾಕಿಕೊಂಡು ಖಾಲಿ ಎಳೆದು ಅಭ್ಯಾಸ ಮಾಡಿದರೆ ಬೆರಳೂ ಪಳಗುತ್ತದೆ, ಲೋಹದ ಮೇಲ್ಮೈಗಳೂ ಒಂದಕ್ಕೊಂದು ಒಗ್ಗಿಕೊಳ್ಳುತ್ತವೆ. ಸ್ವಿಸ್ ಕೆ31 ಇದ್ದವರಿಗಂತೂ ನನ್ನ ಸಲಹೆ ಇಷ್ಟೇ. 1933ರಿಂದ 1958ರವರೆಗೆ ತಯಾರಾದ ಆ ರೈಫಲ್‌ನ (ಹಿಡಿ ಎತ್ತದೆ ಬೋಲ್ಟ್ ಅನ್ನು ನೇರ ಹಿಂದೆಳೆಯುವಂಥದ್ದು) ಕಾರ್ಖಾನೆಯ ಟ್ರಿಗರ್ ಸೈನಿಕ ರೈಫಲ್‌ಗಳಲ್ಲೇ ಉತ್ತಮ ಎನ್ನುವವರ ಸಾಲಿನಲ್ಲಿ ನಾನೂ ಇದ್ದೇನೆ. ಧೂಳು ಒರೆಸಿ, ಎಣ್ಣೆ ಸವರಿ, ಸುಮ್ಮನಿರಿ.

ಆಯ್ಕೆ ಎರಡು: ಬಿಚ್ಚಿ ತೊಳೆಯುವುದು

ಹೆಚ್ಚು ಜನರಿಗೆ ಇದೊಂದೇ ಸಾಕಾಗುತ್ತದೆ, ಆದರೂ ಹೆಚ್ಚು ಜನ ಹಾರಿಸಿಬಿಡುವುದೂ ಇದನ್ನೇ. ಯುದ್ಧ ಮುಗಿದ ಮೇಲೆ ಉಗ್ರಾಣ ಸೇರಿದ ರೈಫಲ್‌ಗಳಿಗೆ ತುಕ್ಕು ಹಿಡಿಯದಂತೆ ಕಾಸ್ಮೊಲಿನ್ ಎಂಬ ದಪ್ಪ ಗ್ರೀಸ್ ಬಳಿಯುತ್ತಿದ್ದರು. ಮಾರುವವರು ಹೊರಗಿನದನ್ನು ಒರೆಸಿ ಕೊಡುತ್ತಾರೆ. ಸಿಯರ್ ಪಿನ್ನಿನ ತೂತಿನೊಳಗೆ, ಸಿಯರ್ ಸ್ಪ್ರಿಂಗ್‌ನ ಗುಳಿಯೊಳಗೆ, ಬೋಲ್ಟ್‌ನ ಹೊಟ್ಟೆಯೊಳಗೆ ಅದು ದಶಕಗಟ್ಟಲೆ ಒಣಗಿ ಮೇಣದಂತೆ ಗಟ್ಟಿಯಾಗಿ ಕೂತಿರುತ್ತದೆ. ಟ್ರಿಗರ್ ಎಳೆದಾಗ ಜಿಗುಟಾಗಿ ತಡೆದು ತಡೆದು ಹೋಗುವುದು, ಬಿಟ್ಟ ಮೇಲೆ ಸೋಮಾರಿಯಾಗಿ ಮರಳುವುದು ಇದರ ಗುರುತು.

ಲೋಹದ ಭಾಗಗಳನ್ನು ಮರದಿಂದ ಬೇರ್ಪಡಿಸಿ ಮಿನರಲ್ ಸ್ಪಿರಿಟ್‌ನಲ್ಲಿ ನೆನೆಹಾಕಿ, ನೈಲಾನ್ ಬ್ರಶ್‌ನಿಂದ ಉಜ್ಜಿ ಒಣಗಿಸಿ. ಸಿಯರ್ ಮುಖಕ್ಕೂ ಪಿನ್ನುಗಳಿಗೂ ಮಾಲಿಬ್ಡಿನಮ್ ಡೈಸಲ್ಫೈಡ್ ಇರುವ ಗ್ರೀಸ್ ಸಾಸಿವೆ ಕಾಳಿನಷ್ಟು ಸಾಕು. ತೊಟ್ಟಿಕ್ಕುವಷ್ಟು ಎಣ್ಣೆ ಹಾಕಿದರೆ ಧೂಳು ಕೂತು ಮತ್ತೆ ಅದೇ ಕಥೆ. ಜೋಡಿಸಿದ ಮೇಲೆ ಗೇಜ್‌ನಿಂದ ಮತ್ತೆ ಹತ್ತು ಸಲ ಅಳೆದು ಹಳೆಯ ಪಟ್ಟಿಯ ಪಕ್ಕ ಬರೆಯಿರಿ. ತೂಕ ಬಹಳ ಇಳಿಯದಿದ್ದರೂ ಅಂಕಿಗಳು ಹತ್ತಿರ ಬಂದಿರುತ್ತವೆ. ನಾವು ಹುಡುಕುತ್ತಿದ್ದುದು ಅದನ್ನೇ ಅಲ್ಲವೇ?

ಒಂದು ಎಚ್ಚರಿಕೆ ಇಲ್ಲಿಯೇ ಇರಲಿ. ಲೀ-ಎನ್‌ಫೀಲ್ಡ್ ನಂ.1 ಬಿಚ್ಚುವಾಗ ಮುಂಭಾಗದ ಮರ ತೆಗೆಯದೆ ಹಿಂದಿನ ದಿಮ್ಮಿಯನ್ನು (ಭುಜಕ್ಕೆ ಊರುವ ಮರ) ಬಿಗಿಯುವ ಬೋಲ್ಟ್ ತಿರುಗಿಸಬೇಡಿ. ಆ ಬೋಲ್ಟ್‌ನ ಚೌಕ ತುದಿ ಮುಂಭಾಗದ ಮರದ ಹಿಂಬದಿಯ ತಗಡಿನೊಳಗೆ ಕೂತಿರುತ್ತದೆ. ತಿರುಗಿಸಿದಿರೋ, ಮರ ಸೀಳುತ್ತದೆ. ಟ್ರಿಗರ್ ನುಣುಪು ಮಾಡಲು ಹೋಗಿ ಸ್ಟಾಕ್ (ರೈಫಲ್‌ನ ಮರದ ಭಾಗ) ಒಡೆದುಕೊಳ್ಳುವುದು ಯಾರಿಗೆ ಬೇಕು?

ಆಯ್ಕೆ ಮೂರು: ಮರ ಮತ್ತು ಸ್ಕ್ರೂ

ಮೌಸರ್ ಇದ್ದವರಿಗೆ ಇದು ಎರಡು ಸ್ಕ್ರೂ ಬಿಗಿಯಾಗಿವೆಯೇ ಎಂದು ನೋಡುವಷ್ಟರ ಕೆಲಸ. ಅದರ ಟ್ರಿಗರ್, ಸಿಯರ್ ಎರಡೂ ರಿಸೀವರ್‌ಗೇ ತೂಗಿಕೊಂಡಿವೆ. ಆದರೆ ಲೀ-ಎನ್‌ಫೀಲ್ಡ್‌ನಲ್ಲಿ ಕಥೆಯ ತಿರುಳೇ ಇಲ್ಲಿದೆ.

ಎಸ್‌ಎಂಎಲ್‌ಇ ಎಂದೂ ಕರೆಯುವ ನಂ.1ರಲ್ಲೂ ನಂ.4 ಮಾರ್ಕ್ 1ರಲ್ಲೂ ಸಿಯರ್ ಇರುವುದು ರಿಸೀವರ್‌ನಲ್ಲಿ, ಟ್ರಿಗರ್ ಇರುವುದು ಕೆಳಗಿನ ಟ್ರಿಗರ್ ಗಾರ್ಡ್‌ನಲ್ಲಿ (ಟ್ರಿಗರ್ ಸುತ್ತಲಿನ ಕಾಪಿನ ಭಾಗ). ನಡುವೆ ಮರ. ಮಳೆಗಾಲದಲ್ಲಿ ಮರ ಉಬ್ಬಿದರೆ ಗಾರ್ಡ್ ದೂರ ಸರಿದು ಮೊದಲ ಹಂತ ಉದ್ದವಾಗುತ್ತದೆ. ಬೇಸಿಗೆಯಲ್ಲಿ ಕುಗ್ಗಿದರೆ, ಇಲ್ಲವೇ ಎಣ್ಣೆ ಕುಡಿದು ಮೆತ್ತಗಾದ ಮರವನ್ನು ಯಾರೋ ಸ್ಕ್ರೂ ತಿರುಗಿಸಿ ತಿರುಗಿಸಿ ಅಪ್ಪಚ್ಚಿ ಮಾಡಿದ್ದರೆ, ಟ್ರಿಗರ್‌ನ ಉಬ್ಬುಗಳು ಸಿಯರ್‌ಗೆ ಹತ್ತಿರ ಬಂದು ಮೊದಲ ಹಂತವೇ ಮಾಯವಾಗುತ್ತದೆ. ಇನ್ನೂ ಹತ್ತಿರ ಬಂದರೆ ಬೆರಳಿಡುವ ಮೊದಲೇ ಟ್ರಿಗರ್ ಸಿಯರ್ ಅನ್ನು ಹಿಡಿತದಿಂದ ಅರ್ಧ ಬಿಡಿಸಿರುತ್ತದೆ. ಅದು ಅಪಾಯ.

ಇದನ್ನು ತಡೆಯಲೆಂದೇ ಮುಂದಿನ ಗಾರ್ಡ್ ಸ್ಕ್ರೂ ಸುತ್ತ ಒಂದು ಚಿಕ್ಕ ಉಕ್ಕಿನ ಕಾಲರ್ ಇರುತ್ತದೆ. ಗಾರ್ಡ್ ಮತ್ತು ರಿಸೀವರ್ ನಡುವಿನ ಅಂತರವನ್ನು ಅದು ನಿಗದಿ ಮಾಡುತ್ತದೆ. ಹಳೆಯ ರೈಫಲ್‌ಗಳಲ್ಲಿ ಈ ಕಾಲರ್ ಕಳೆದುಹೋಗಿರುವುದು ಹೊಸದೇನಲ್ಲ, ನೋಡಲು ಬೇಡದ ಬಳೆಯಂತಿರುವುದರಿಂದ ಬಿಚ್ಚಿದವರು ಪಕ್ಕಕ್ಕಿಟ್ಟು ಮರೆತಿರುತ್ತಾರೆ. ನಿಮ್ಮ ಎನ್‌ಫೀಲ್ಡ್‌ನ ಎಳೆತ ಋತುವಿಗೊಂದು ಥರ ಇದ್ದರೆ ಮೊದಲು ಹುಡುಕಬೇಕಾದ್ದು ಈ ಕಾಲರ್. ಕಾಲರ್ ಇದ್ದೂ ಮರ ಸಡಿಲವಿದ್ದರೆ ಸವೆದ ಜಾಗಕ್ಕೆ ಮರದ ತೆಳು ಪಟ್ಟಿ ಕೂರಿಸುವುದು ಸ್ಟಾಕ್ ಕೆಲಸ ಬಲ್ಲವರ ದಾರಿ. ಒಂದು ಕಣ ಲೋಹವನ್ನೂ ತೆಗೆಯದೆ, ಬೇಡವೆನಿಸಿದಾಗ ಹಿಂದಿನ ಸ್ಥಿತಿಗೆ ತರಬಹುದಾದ ರಿಪೇರಿ ಇದು. ಇದರಿಂದ ಎಳೆತ ಪೂರ್ತಿ ಬೇರೆಯೇ ಆಗುವುದುಂಟು.

ಬ್ರಿಟಿಷರಿಗೂ ಈ ತೊಂದರೆ ಗೊತ್ತಿತ್ತು. 1949ರಲ್ಲಿ ಬಂದ ನಂ.4 ಮಾರ್ಕ್ 2ರಲ್ಲಿ ಟ್ರಿಗರ್ ಅನ್ನು ಗಾರ್ಡ್‌ನಿಂದ ಕಿತ್ತು ರಿಸೀವರ್‌ಗೇ ತೂಗುಹಾಕಿದರು. ಹಳೆಯವನ್ನೂ ಅದೇ ರೀತಿ ತಿದ್ದಿ 1/2, 1/3 ಎಂದು ಗುರುತು ಹಾಕಿದರು. ಇನ್ನೂ ರೈಫಲ್ ಕೊಂಡಿಲ್ಲ, ಒಳ್ಳೆಯ ಟ್ರಿಗರ್ ಮುಖ್ಯ ಎನ್ನುವವರು ಗುರುತು ನೋಡಿ ಇವುಗಳಲ್ಲೊಂದನ್ನು ಆರಿಸಿದರೆ ಅರ್ಧ ತಲೆನೋವು ಕಮ್ಮಿ.

ಆಯ್ಕೆ ನಾಲ್ಕು: ಸ್ಪ್ರಿಂಗ್ ಬದಲಿಸುವುದು

ಸಿಯರ್‌ನ ಎಳೆತ ಭಾರವಾಗಲು ಎರಡು ಕಾರಣ. ಸಿಯರ್ ಸ್ಪ್ರಿಂಗ್ ತಾನೇ ಒಡ್ಡುವ ತಡೆ ಒಂದು. ಮುಖ್ಯ ಸ್ಪ್ರಿಂಗ್ ಕಾಕಿಂಗ್ ಪೀಸ್ ಅನ್ನು ಸಿಯರ್ ಮೇಲೆ ಒತ್ತುವುದರಿಂದ ಹುಟ್ಟುವ ಘರ್ಷಣೆ ಇನ್ನೊಂದು. ಹಗುರ ಮಾಡುವ ಆಸೆಗೆ ಬಿದ್ದವರು ಎರಡನೆಯದಕ್ಕೇ ಕೈಹಾಕಿ ಮುಖ್ಯ ಸ್ಪ್ರಿಂಗ್‌ನ ಸುರುಳಿ ಕತ್ತರಿಸುತ್ತಾರೆ. ಸೈನಿಕ ತೋಟೆಗಳ ಪ್ರೈಮರ್ (ಪಿನ್ ಬಡಿದಾಗ ಕಿಡಿ ಹೊತ್ತಿಸುವ ತಳದ ಬಟ್ಟಲು) ಗಟ್ಟಿ, ಅದಕ್ಕೆ ಜೋರಾದ ಪೆಟ್ಟೇ ಬೇಕು. ಪೆಟ್ಟು ಸಾಲದಿದ್ದರೆ ತೋಟೆ ಹೊಡೆಯುವುದಿಲ್ಲ, ಕೆಲವೊಮ್ಮೆ ತಡವಾಗಿ ಹೊಡೆಯುತ್ತದೆ. ಫೈರಿಂಗ್ ಪಿನ್ ನಿಧಾನವಾದಷ್ಟೂ ಗುರಿಯೂ ಕೆಡುತ್ತದೆ. ಹಗುರದ ಮುಖ್ಯ ಸ್ಪ್ರಿಂಗ್ ಬೇಡವೇ ಬೇಡ. ಉಲ್ಟಾ, ಹಳೆಯದು ಸೋತಿದ್ದರೆ ವುಲ್ಫ್‌ನಂಥ ತಯಾರಕರ ಪೂರ್ಣ ಬಲದ ಹೊಸದು ಹಾಕಿ.

ಸಿಯರ್ ಸ್ಪ್ರಿಂಗ್ ಬದಲಿಸುವುದರಿಂದ ಸ್ವಲ್ಪ ತೂಕ ಇಳಿಯಬಹುದು. ಆದರೆ ಅದು ಸಿಯರ್ ಅನ್ನು ಪ್ರತಿಸಲವೂ ಪೂರ್ತಿ ಮೇಲಕ್ಕೆ ತಳ್ಳಲೇಬೇಕು. ನನ್ನ ಲೆಕ್ಕದಲ್ಲಿ ಸಿಗುವ ಲಾಭಕ್ಕೆ ಹೋಲಿಸಿದರೆ ತಲೆನೋವು ಜಾಸ್ತಿ.

ಆಯ್ಕೆ ಐದು: ಸಿಯರ್ ಉಜ್ಜುವುದು

ಎಲ್ಲರಿಗೂ ಆಸೆ ಇರುವುದು ಇದರ ಮೇಲೆಯೇ. ನುಣುಪಾದ ಸೆರಾಮಿಕ್ ಅಥವಾ ಅರ್ಕಾನ್ಸಾಸ್ ಕಲ್ಲು ತೆಗೆದುಕೊಂಡು, ಕೋನವನ್ನು ಕಿಂಚಿತ್ತೂ ಬದಲಿಸದೆ, ಯಂತ್ರ ಬಿಟ್ಟ ಗೆರೆಗಳನ್ನಷ್ಟೇ ಅಳಿಸಿದರೆ ಗರಗರ ಹೋಗುತ್ತದೆ. ಹೇಳಲು ಒಂದು ಸಾಲು, ಮಾಡಲು ಬೇರೆಯದೇ ಕೈ ಬೇಕು. ಈ ಭಾಗಗಳಲ್ಲಿ ಗಡಸುತನ ಹೊರ ಚರ್ಮದಷ್ಟೇ. ಅದರ ಕೆಳಗೆ ಮೆತ್ತಗಿನ ಉಕ್ಕು. ಚರ್ಮ ದಾಟಿದಿರೋ, ಅಂದು ಸಂಜೆ ಎಳೆತ ಬೆಣ್ಣೆಯಂತಿರುತ್ತದೆ. ಕೆಲವು ನೂರು ಗುಂಡುಗಳಾದ ಮೇಲೆ ಮೆತ್ತಗಿನ ಲೋಹ ಸವೆದು ಅಂಚು ದುಂಡಾಗುತ್ತದೆ, ಬೋಲ್ಟ್ ಮುಚ್ಚಿದ ಕೂಡಲೇ ಕಾಕಿಂಗ್ ಪೀಸ್ ಅದರ ಹಿಂದೆಯೇ ಮುಂದಕ್ಕೆ ಜಾರಿಕೊಂಡು ಬರುವ ದಿನವೂ ಬರುತ್ತದೆ.

ಎಲ್ಲಿ ತಾಗುತ್ತಿದೆ ಎಂದು ತಿಳಿಯಲು ಕಲ್ಲು ಬೇಕಿಲ್ಲ. ಸಿಯರ್ ಮುಖಕ್ಕೆ ಮಾರ್ಕರ್ ಶಾಯಿ ಬಳಿದು ಜೋಡಿಸಿ, ಹತ್ತಾರು ಸಲ ಕಾಕ್ ಮಾಡಿ (ಬೋಲ್ಟ್ ಆಡಿಸಿ ಮುಖ್ಯ ಸ್ಪ್ರಿಂಗ್ ಬಿಗಿಸಿ) ಎಳೆದು ಬಿಚ್ಚಿ ನೋಡಿ. ಶಾಯಿ ಅಡ್ಡಕ್ಕೆ ಪೂರ್ತಿ ಒಂದು ಪಟ್ಟಿಯಾಗಿ ಅಳಿಸಿದ್ದರೆ ಮುಖಗಳು ಸಮವಾಗಿ ಕೂತಿವೆ, ಕಲ್ಲು ಪೆಟ್ಟಿಗೆಯಲ್ಲೇ ಇರಲಿ. ಒಂದು ಮೂಲೆಯಲ್ಲಿ ಮಾತ್ರ ಅಳಿಸಿದ್ದರೆ ಆ ಸಿಯರ್ ಅನ್ನು ಜಿಗ್‌ನಲ್ಲಿ (ಕೋನ ಕದಲದಂತೆ ಹಿಡಿಯುವ ಚೌಕಟ್ಟು) ಹಿಡಿದು ಉಜ್ಜಬಲ್ಲ ಗನ್‌ಸ್ಮಿತ್ ಹತ್ತಿರ ಒಯ್ಯಿರಿ. ಪಕ್ಕೆಗಳು, ಪಿನ್ನುಗಳು, ಟ್ರಿಗರ್ ಗಾರ್ಡಿಗೆ ಉಜ್ಜುವ ಬದಿಗಳು ಇವನ್ನು ನೀವೇ ನುಣುಪು ಮಾಡಿಕೊಳ್ಳಬಹುದು, ಅಲ್ಲಿ ಹಿಡಿತದ ಪ್ರಶ್ನೆ ಇಲ್ಲ. ಹಿಡಿತದ ಮುಖ ಮಾತ್ರ ಬೇಡ.

ಇದೇ ಗುಂಪಿಗೆ ಸೇರಿದ ಎರಡು ಹಳೆಯ ತಂತ್ರಗಳಿವೆ. ಮೌಸರ್ ಟ್ರಿಗರ್‌ಗೆ ಅಡ್ಡ ಕೊಟ್ಟು ಮೊದಲ ಹಂತವನ್ನೇ ಇಲ್ಲವಾಗಿಸುವುದು ಒಂದು. ರಷ್ಯದ ಮೊಸಿನ್-ನಾಗಾಂಟ್ ರೈಫಲ್‌ನ ಸಿಯರ್ ಪಟ್ಟಿಯ ಕೆಳಗೆ ತಗಡು ಕೊಟ್ಟು ಹಿಡಿತ ತೆಳು ಮಾಡುವುದು ಇನ್ನೊಂದು. ಎರಡೂ ಮಾಡುವುದು ಒಂದನ್ನೇ: ಬೆರಳು ಮುಟ್ಟದ ಸ್ಥಿತಿಯಲ್ಲೇ ರೈಫಲ್ಲನ್ನು ಗೋಡೆಯ ಅಂಚಿನಲ್ಲಿ ನಿಲ್ಲಿಸಿಬಿಡುವುದು. ಸೈನ್ಯ ಇಟ್ಟ ಆಳದ ಹಿಡಿತ ಹೋಯಿತು, ಅದರ ಬದಲಿಗೆ ಏನೂ ಬರಲಿಲ್ಲ. ನಾನಂತೂ ಯಾರಿಗೂ ಹೇಳುವುದಿಲ್ಲ.

ಆಯ್ಕೆ ಆರು: ಹೊಸ ಟ್ರಿಗರ್

ಅಮೆರಿಕದ ಟಿಮ್ನಿ ಕಂಪನಿ ಮೌಸರ್ 98, ಸ್ವೀಡಿಷ್ ಮೌಸರ್, ಸ್ಪ್ರಿಂಗ್‌ಫೀಲ್ಡ್ ಎಂ1903, ಮೊಸಿನ್-ನಾಗಾಂಟ್‌ಗಳಿಗೆ ಟ್ರಿಗರ್ ಮಾಡಿದೆ. ಮೌಸರ್‌ಗಾದರೆ ಸೇಫ್ಟಿ (ಅಕಸ್ಮಾತ್ ಹಾರದಂತೆ ತಡೆಯುವ ಗುಂಡಿ) ಇರುವುದೂ ಇಲ್ಲದ್ದೂ ಎರಡೂ ಸಿಗುತ್ತವೆ. ಒಂದೇ ಹಂತ, ಸ್ಕ್ರೂಗಳಿಂದ ತೂಕ ಹೊಂದಿಸಿಕೊಳ್ಳಬಹುದು, ಗಾಜಿನ ಕಡ್ಡಿ ಮುರಿದಂತೆ ಬಿಡುತ್ತದೆ. ಎಳೆತವೊಂದನ್ನೇ ನೋಡಿದರೆ ಬೇರಾವ ಆಯ್ಕೆಯೂ ಇದರ ಹತ್ತಿರ ಬರುವುದಿಲ್ಲ.

ಕೊಡಬೇಕಾದ್ದೂ ಇದೆ. ಮೌಸರ್‌ನಲ್ಲಿ ಹೊಸ ಟ್ರಿಗರ್‌ನ ಡಬ್ಬಿಗೆ ಜಾಗ ಸಾಲದೆ ಹಲವು ಸ್ಟಾಕ್‌ಗಳ ಒಳಗೆ ಮರ ಕೆತ್ತಬೇಕಾಗುತ್ತದೆ. ಪಕ್ಕದ ಸೇಫ್ಟಿ ಇರುವುದಾದರೆ ಇನ್ನೂ ಜಾಸ್ತಿ. ಕೆತ್ತಿದ ಮರ ಮರಳಿ ಬಾರದು. ಭಾಗಗಳ ಮೇಲಿನ ನಂಬರುಗಳೆಲ್ಲ ಹೊಂದುವ ಕೆ98ಕೆ (ಎರಡನೆಯ ಮಹಾಯುದ್ಧದ ಜರ್ಮನ್ ಮೌಸರ್) ಇದ್ದರೆ ಈ ಆಯ್ಕೆಯನ್ನು ಇಲ್ಲಿಗೇ ಬಿಡಿ. ಯಾರೋ ಆಗಲೇ ಕತ್ತರಿಸಿ ಬೇಟೆಯ ರೈಫಲ್ ಮಾಡಿದ ಮೌಸರ್ ಆದರೆ ಕಳೆದುಕೊಳ್ಳುವುದೇನೂ ಇಲ್ಲ, ಧಾರಾಳವಾಗಿ ಹಾಕಿಸಿ. ಸೇಫ್ಟಿ ಇಲ್ಲದ ಟ್ರಿಗರ್ ಹಾಕಿ ಬೋಲ್ಟ್ ಮೇಲಿನ ಹಳೆಯ ರೆಕ್ಕೆ ಸೇಫ್ಟಿಯನ್ನೇ ಉಳಿಸಿಕೊಂಡರೆ, ಅದು ಕಾಕಿಂಗ್ ಪೀಸ್ ಅನ್ನು ಹೊಸ ಸಿಯರ್‌ನಿಂದ ಪೂರ್ತಿ ಹಿಂದಕ್ಕೆ ಎತ್ತುವಂತೆ ಹೊಂದಿಸಬೇಕಾಗುತ್ತದೆ. ಹೇಗೆ ಪರೀಕ್ಷಿಸುವುದೆಂದು ಕೊನೆಯಲ್ಲಿದೆ.

ಹೊಸ ಟ್ರಿಗರ್‌ಗೆ ದುಡ್ಡು ಹಾಕಲೇಬೇಕಾದ ರೈಫಲ್ ಯಾವುದೆಂದರೆ ನಾನು ಹೇಳುವುದು ಮೊಸಿನ್-ನಾಗಾಂಟ್. 1891ರ ಆ ವಿನ್ಯಾಸದಲ್ಲಿ ಸಿಯರ್ ಮತ್ತು ಸ್ಪ್ರಿಂಗ್ ಎರಡೂ ಒಂದೇ ಉಕ್ಕಿನ ಪಟ್ಟಿ, ಒಂದೇ ಸ್ಕ್ರೂನಿಂದ ನಿಂತಿದೆ. ಟ್ರಿಗರ್‌ಗೆ ತನ್ನದೇ ಮರಳುವ ಸ್ಪ್ರಿಂಗ್ ಇಲ್ಲ, ಬೆರಳಿಲ್ಲದಾಗ ಲೊಟಲೊಟ ಅಲ್ಲಾಡುತ್ತದೆ. ಒಂದೇ ಹಂತ, ಉದ್ದ, ಒರಟು. ಅದರ ಮೇಲೆ ಟ್ರಿಗರ್‌ನ ತಲೆಯೇ ಬೋಲ್ಟ್ ಹಿಂದೆ ಜಾರದಂತೆ ತಡೆಯುವ ಕೆಲಸವನ್ನೂ ಮಾಡುತ್ತದೆ. ಅಂದಮೇಲೆ ಅದನ್ನು ಮನಬಂದಂತೆ ಉಜ್ಜುವಂತೆಯೂ ಇಲ್ಲ. ಫಿನ್‌ಲೆಂಡ್‌ನವರು ಇದೇ ರೈಫಲ್ಲನ್ನು ತಮ್ಮ ಎಂ39 ಆಗಿ ತಿದ್ದುವಾಗ ಟ್ರಿಗರ್‌ಗೆ ಎರಡು ಹಂತ ಕೊಟ್ಟರು. ಅದನ್ನು ಎಳೆದು ನೋಡಿದವರಿಗೆ ರಷ್ಯನ್ ಮೂಲದ ಕೊರತೆ ಇನ್ನಷ್ಟು ಎದ್ದು ಕಾಣುತ್ತದೆ. ಮೊಸಿನ್‌ನ ಮೂಲ ಸೇಫ್ಟಿ, ಕಾಕಿಂಗ್ ಪೀಸ್‌ನ ದುಂಡು ತುದಿ ಹಿಡಿದು ಹಿಂದೆಳೆದು ತಿರುಗಿಸುವಂಥದ್ದು, ಬಳಸುವವರೇ ಕಮ್ಮಿ. ಟಿಮ್ನಿಯ ಟ್ರಿಗರ್ ಜೊತೆಗೆ ಪಕ್ಕದ ಸೇಫ್ಟಿಯೂ ಬರುವುದರಿಂದ ಒಂದೇ ಖರ್ಚಿನಲ್ಲಿ ಎರಡು ಕೆಲಸ. ತೆಗೆದ ಹಳೆಯ ಭಾಗಗಳನ್ನು ಎಣ್ಣೆ ಸವರಿ, ರೈಫಲ್‌ನ ನಂಬರ್ ಬರೆದ ಪೊಟ್ಟಣದಲ್ಲಿಡಿ. ಮುಂದೆ ಮಾರುವಾಗ ಕೇಳುತ್ತಾರೆ.

ಯಾರಿಗೆ ಯಾವುದು

ಸಂಗ್ರಹಕ್ಕೆ ಇಟ್ಟುಕೊಂಡವರು ಎರಡನೆಯ ಆಯ್ಕೆ ದಾಟಬಾರದು, ಎನ್‌ಫೀಲ್ಡ್ ಆದರೆ ಮೂರನೆಯದು. ಮೌಸರ್ 98, ಎಂ1903, ಸ್ವೀಡಿಷ್ ಮೌಸರ್‌ಗಳಿಂದ ಗುರಿ ಅಭ್ಯಾಸ ಮಾಡುವವರಿಗೆ ಒಂದು ಮತ್ತು ಎರಡು ಸೇರಿದರೆ ಸಾಕು. ಆಗಲೂ ಗರಗರ ಉಳಿದರೆ ಗನ್‌ಸ್ಮಿತ್ ಕೈಯಿಂದ ಐದನೆಯದು. ಮೊಸಿನ್ ಆದರೆ ತೊಳೆದು ನೋಡಿ, ಸಮಾಧಾನವಾಗದಿದ್ದರೆ ನಡುವಿನದೆಲ್ಲ ಬಿಟ್ಟು ನೇರ ಆರಕ್ಕೆ ಹೋಗಿ.

ಸ್ಪರ್ಧೆಗೆ ಹೋಗುವವರು ನಿಯಮ ಓದದೆ ಏನನ್ನೂ ಕೊಳ್ಳಬೇಡಿ. ಹಳೆಯ ಸೈನಿಕ ರೈಫಲ್‌ಗಳ ಪಂದ್ಯಗಳಲ್ಲಿ ಮೂಲ ಮಾದರಿಯ ಟ್ರಿಗರ್ ಮಾತ್ರ ಒಪ್ಪುವುದು, ಕನಿಷ್ಠ ಎಳೆತ ಇಂತಿಷ್ಟು ಎಂದು ಕಟ್ಟು ಹಾಕುವುದು ಸಾಮಾನ್ಯ. ಅಮೆರಿಕದ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂನ ಪಂದ್ಯಗಳಲ್ಲಿ ಎಂ1 ಗ್ಯಾರಂಡ್‌ಗೆ ಕನಿಷ್ಠ 4.5 ಪೌಂಡ್, ಅಂದರೆ ಎರಡು ಕಿಲೋದ ಮೇಲೆ. ದುಬಾರಿ ಟ್ರಿಗರ್ ಹಾಕಿಸಿಕೊಂಡು ಹೋಗಿ ತೂಕದ ಮೇಜಿನ ಬಳಿಯೇ ವಾಪಸು ಬರುವಂತಾಗಬಾರದು.

ಕೆಲಸ ಮುಗಿದ ಮೇಲೆ

ತೊಳೆದದ್ದಷ್ಟೇ ಆದರೂ ಈ ಪರೀಕ್ಷೆಗಳು ಕಡ್ಡಾಯ, ಎಲ್ಲವೂ ಖಾಲಿ ರೈಫಲ್‌ನಲ್ಲಿ. ಬೋಲ್ಟ್ ಅನ್ನು ಸಿಟ್ಟು ಬಂದವರಂತೆ ರಭಸವಾಗಿ ಮುಂದಕ್ಕೆ ತಳ್ಳಿ ಮುಚ್ಚಿ, ಇಪ್ಪತ್ತು ಸಲ. ಒಮ್ಮೆಯಾದರೂ ಕಾಕಿಂಗ್ ಪೀಸ್ ಜಾರಿದರೆ ಕೆಲಸ ಕೆಟ್ಟಿದೆ. ಕಾಕ್ ಮಾಡಿ ಹಿಂದಿನ ದಿಮ್ಮಿಯನ್ನು ದಪ್ಪ ರಬ್ಬರ್ ಹಾಸಿನ ಮೇಲೆ ಕುಟ್ಟಿ, ರಬ್ಬರ್ ಸುತ್ತಿಗೆಯಿಂದ ರಿಸೀವರ್‌ನ ಎರಡೂ ಪಕ್ಕಕ್ಕೆ ಬಡಿಯಿರಿ. ಮೊದಲ ಹಂತದವರೆಗೆ ಎಳೆದು ಬಿಟ್ಟರೆ ಟ್ರಿಗರ್ ಪೂರ್ತಿ ಮುಂದಕ್ಕೆ ಮರಳಬೇಕು, ಮತ್ತೆ ಎಳೆದಾಗ ಮೊದಲ ಹಂತ ಮೊದಲಿನಷ್ಟೇ ಉದ್ದ ಇರಬೇಕು.

ಸೇಫ್ಟಿಯ ಪರೀಕ್ಷೆ ಹೀಗೆ. ಕಾಕ್ ಮಾಡಿ ಸೇಫ್ಟಿ ಹಾಕಿ, ಟ್ರಿಗರ್ ಅನ್ನು ಗಟ್ಟಿಯಾಗಿ ಎಳೆದು ಬಿಡಿ. ಈಗ ಟ್ರಿಗರ್ ಮುಟ್ಟದೆ ಸೇಫ್ಟಿ ತೆಗೆಯಿರಿ. ಆ ಕ್ಷಣದಲ್ಲಿ ಫೈರಿಂಗ್ ಪಿನ್ ಟಕ್ಕೆಂದು ಬಿದ್ದರೆ, ಸೇಫ್ಟಿ ಹಾಕಿದ್ದಾಗ ಎಳೆದ ಎಳೆತ ಒಳಗೇ ಕಾದು ಕೂತಿತ್ತು ಎಂದರ್ಥ. ಹೊಸ ಟ್ರಿಗರ್ ಹಾಕಿದ ಮೌಸರ್‌ಗಳಲ್ಲಿ ಕಾಣುವ ದೋಷ ಇದು. ಇದನ್ನು ತಿದ್ದಿಸುವವರೆಗೆ ಆ ರೈಫಲ್ ಕಪಾಟಿನಿಂದ ಹೊರಗೆ ಬರಬಾರದು.

ಎಲ್ಲ ಪಾಸಾದ ಮೇಲೆ ಶೂಟಿಂಗ್ ರೇಂಜ್‌ನಲ್ಲಿ ಮ್ಯಾಗಜಿನ್ ತುಂಬದೆ ಒಂದೊಂದೇ ತೋಟೆ ಹಾಕಿ, ನಳಿಗೆಯನ್ನು ಗುರಿಯ ದಿಕ್ಕಿನಿಂದ ಕದಲಿಸದೆ ಬೋಲ್ಟ್ ಮುಚ್ಚಿ ಹೊಡೆಯಿರಿ. ಹೊಡೆದ ಖಾಲಿ ತೋಟೆಗಳ ಹಿಂಬದಿಯಲ್ಲಿ ಪಿನ್ನಿನ ಗುಳಿ ಮೊದಲಿನಷ್ಟೇ ಆಳವಾಗಿದೆಯೇ ನೋಡಿ. ಹೋಲಿಸಲು ಹಳೆಯ ಒಂದೆರಡು ಖಾಲಿ ತೋಟೆ ಎತ್ತಿಟ್ಟುಕೊಂಡಿದ್ದರೆ ಅನುಕೂಲ. ಐವತ್ತು ನೂರು ಗುಂಡುಗಳಾದ ಮೇಲೆ ಗೇಜ್ ಮತ್ತೊಮ್ಮೆ ಹಾಕಿ ಪಟ್ಟಿಯಲ್ಲಿ ಬರೆಯಿರಿ. ತೂಕ ತಾನಾಗಿಯೇ ಇಳಿಯುತ್ತ ಹೋಗುತ್ತಿದ್ದರೆ ಹಿಡಿತದ ಮುಖ ಸವೆಯುತ್ತಿದೆ, ಅಲ್ಲಿಗೇ ನಿಲ್ಲಿಸಿ ಬಿಚ್ಚಿಸಿ ನೋಡಿಸಿ.